ಹಾಜಿಸಾಬನ ಫರಸಿ ಪಟ್ಟು

ಸೊಂಟದ ಕೆಳಗೆ ಕೈ ಹಚ್ಚಬಾರದು, ಕಾಲು ಹಾಕಬಾರದು ಎಂಬ ಕುಸ್ತಿಯನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ, ಅವನು ಒಂದು ಸಲ ಕೈಗೆ ಸಿಗಬೇಕು ಎಂದು ಶಹಾಬಾದಿನ ಹಾಜಿಸಾಬ ಹದಿನಾರು ವರ್ಷಗಳಿಂದ ಹಲ್ಲು ಕಡಿಯುತ್ತಿದ್ದ. ಸಿಕ್ಕರೆ ಕೇಳಬೇಕಾದ ಪ್ರಶ್ನೆಯೂ ತಯಾರಿತ್ತು. ದೇವರು ಮನುಷ್ಯನಿಗೆ ಎರಡು ಕಾಲು ಕೊಟ್ಟದ್ದು ಬರೀ ಚಪ್ಪಲಿ ಮೆಟ್ಟಲಿಕ್ಕೇನು? ಆ ಕುಸ್ತಿಗೆ ಗ್ರೀಕೋ ರೋಮನ್ ಎಂದು ಹೆಸರು. ಹಾಜಿಸಾಬನ ನಾಲಿಗೆಗೆ ಅದು ಒಗ್ಗಲಿಲ್ಲ, ಒಗ್ಗಿಸಿಕೊಳ್ಳುವ ಮನಸ್ಸೂ ಅವನಿಗಿರಲಿಲ್ಲ. ರೂಮಿ ಕುಸ್ತಿ ಎನ್ನುತ್ತಿದ್ದ, ಅದನ್ನೂ ಬೈಗುಳದ ಹಾಗೆ ಅನ್ನುತ್ತಿದ್ದ.

ಹಾಜಿಸಾಬನಿಗೆ ಈಗ ಎಪ್ಪತ್ತೆರಡು. ರೈಲ್ವೆ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ, ತಗಡಿನ ಚಾವಣಿಯ ಕೆಳಗೆ ಅವನ ತಾಲೀಮು, ಅಂದರೆ ಗರಡಿಮನೆ. ಎಣ್ಣೆ, ಅರಿಶಿನ, ಮಜ್ಜಿಗೆ ಕುಡಿದು ಕುಡಿದು ಹದವಾದ ಕೆಂಪು ಮಣ್ಣಿನ ಅಖಾಡ, ಸುತ್ತ ಫರಸಿಕಲ್ಲಿನ ಗೋಡೆ, ಮೂಲೆಯಲ್ಲಿ ನಾಲ್ಕು ಗದೆ. ಅಲ್ಲಿಂದ ಹದಿನೈದು ಹೆಜ್ಜೆಗೆ ಮನೆ. ಮನೆಯಲ್ಲಿ ಹೆಂಡತಿ ಅಮೀರ್ಬೀ. ಗಂಡ ಮಣ್ಣನ್ನು ಕಟ್ಟಿಕೊಂಡು ತನ್ನನ್ನು ಇಟ್ಟುಕೊಂಡಿದ್ದಾನೆ ಎಂದು ಆಕೆ ಐವತ್ತು ವರ್ಷಗಳಿಂದ ಹೇಳುತ್ತ ಬಂದಿದ್ದಾಳೆ.

ಅವನ ತಾಲೀಮಿನಲ್ಲಿ ಬೇರೆ ಎಲ್ಲೂ ಇಲ್ಲದ ಒಂದು ಪಟ್ಟಿತ್ತು. ಹಾಜಿಸಾಬನ ಅಪ್ಪ ಕಲ್ಲಿನ ಖಣಿಯಲ್ಲಿ ಕೆಲಸ ಮಾಡಿದವನು. ನೆಲಕ್ಕೆ ಅಂಟಿಕೊಂಡ ಫರಸಿಯನ್ನು, ಅಂದರೆ ಹಾಸುಗಲ್ಲನ್ನು, ಎಬ್ಬಿಸುವಾಗ ಖಣಿಯವರು ಜೋರು ಮಾಡುವುದಿಲ್ಲ. ಹಾರೆಯ ತುದಿಯನ್ನು ಸಂದಿಯಲ್ಲಿ ಮೆಲ್ಲಗೆ ಒಳಗೆ ಬಿಟ್ಟು, ಮೈಭಾರವನ್ನು ಮುಂದಕ್ಕೆ ಹಾಕುತ್ತಾರೆ. ಕಲ್ಲು ತಾನೇ ಏಳುತ್ತದೆ. ಅದನ್ನು ನೋಡಿ ನೋಡಿ ಆತ ಒಂದು ಪಟ್ಟು ಕಟ್ಟಿದ. ಎದುರಾಳಿ ಎದೆಗೆ ಎದೆ ಹಚ್ಚಿ ಎತ್ತಲು ಬಂದಾಗ ಎತ್ತಿಸಿಕೊಳ್ಳುವವನ ಹಾಗೆ ಮೈ ಹಗುರ ಬಿಡಬೇಕು. ಅಷ್ಟರಲ್ಲಿ ಎಡಗಾಲು ಅವನ ಎರಡು ಕಾಲುಗಳ ನಡುವೆ ತೂರಿ, ಹಿಮ್ಮಡಿ ಅವನ ಹಿಮ್ಮಡಿಯ ಹಿಂದೆ ಸಿಕ್ಕಿಕೊಳ್ಳಬೇಕು. ಆಮೇಲೆ ಎದೆಯ ಭಾರ ಮುಂದಕ್ಕೆ. ಎತ್ತಲು ಬಂದವನು ಬೆನ್ನ ಮೇಲೆ. ಅದಕ್ಕೆ ಫರಸಿ ಪಟ್ಟು ಎಂದು ಹೆಸರಾಯಿತು.

ಪಟ್ಟು ಕಟ್ಟಿದವನು ಒಂದು ಕಾಯ್ದೆಯನ್ನೂ ಕಟ್ಟಿ ಹೋದ. ಒಂದು ಕಾಲಕ್ಕೆ ಒಬ್ಬನಿಗೇ ಕೊಡಬೇಕು. ಕೊಡಿಸಿಕೊಂಡವನು ಹತ್ತು ಮಂದಿ ಎದುರು, ಮಣ್ಣಿನಲ್ಲಿ, ಅದೇ ಪಟ್ಟಿನಿಂದ ಒಂದು ಕುಸ್ತಿ ಗೆಲ್ಲುವ ತನಕ ಇನ್ನೊಬ್ಬನಿಗೆ ಕೊಡಬಾರದು. ಇಲ್ಲದಿದ್ದರೆ ಒಂದೇ ಹಂಗಾಮಿನಲ್ಲಿ ಅದು ವಾಡಿಯಿಂದ ಚಿಂಚೋಳಿಯ ತನಕ ಎಲ್ಲ ತಾಲೀಮುಗಳ ಪಾಲಾಗುತ್ತದೆ ಎಂಬುದು ಆ ಹಿರಿಯನ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಮಗ ಅದನ್ನು ಯಾರಿಗೆ ಕೊಡುತ್ತಾನೆ ಎಂಬುದೊಂದು ಅದರಲ್ಲಿ ಹಿಡಿದಿರಲಿಲ್ಲ.

ಹಾಜಿಸಾಬ ಅದನ್ನು ಅಣವೀರನಿಗೆ ಕೊಟ್ಟ.

ಅಣವೀರ ಚಿತ್ತಾಪುರ ಕೋರ್ಟಿನ ಜವಾನ ಮಡಿವಾಳಯ್ಯನ ಮಗ. ಹನ್ನೊಂದು ವರ್ಷಕ್ಕೆ ಬಂದು ತಾಲೀಮಿನಲ್ಲೇ ಉಳಿದು, ಉಸ್ತಾದನ ಕಾಲೊತ್ತಿ, ಅಮೀರ್ಬೀಯ ಕೈ ರೊಟ್ಟಿ ತಿಂದು ಬೆಳೆದವನು. ಹದಿನಾಲ್ಕಕ್ಕೆ ಅವನ ಅಂಗೈಯಲ್ಲಿ ಅಖಾಡದ ಮಣ್ಣಿಟ್ಟು, ಮೇಲೊಂದು ನಿಂಬೆಹಣ್ಣು ಇಟ್ಟು, ಹಾಜಿಸಾಬ ಪಟ್ಟನ್ನು ಒಪ್ಪಿಸಿದ. ಒಪ್ಪಿಸಿ ಏಳು ವಾರ ಆಗಿರಲಿಲ್ಲ. ಸರಕಾರದ ಕ್ರೀಡಾ ಹಾಸ್ಟೆಲಿನವರು ಬಂದು ಹುಡುಗನ ಎದೆ ಅಳೆದರು, ಬೆನ್ನು ಅಳೆದರು, ಎತ್ತಿಕೊಂಡು ಹೋದರು. ಒಂದು ತಿಂಗಳಿಗೆ ಪತ್ರ ಬಂತು. ಇವನ ಮೈ ಉದ್ದ, ಕಾಲು ಗಿಡ್ಡ, ಆದ್ದರಿಂದ ಗ್ರೀಕೋ ರೋಮನ್ನಿಗೆ ಹಾಕಿದ್ದೇವೆ, ಅದರಲ್ಲಿ ಕಾಲಿನ ಬಳಕೆ ಇರುವುದಿಲ್ಲ ಎಂದು. ಪತ್ರ ಓದಿಸಿಕೊಂಡ ಹಾಜಿಸಾಬ ಹಣೆ ಹಣೆ ಬಡಿದುಕೊಂಡ. ಇಡೀ ಜಿಲ್ಲೆಯಲ್ಲಿ ಕಾಲಿನ ಪಟ್ಟನ್ನು ಒಬ್ಬನಿಗೆ ಕೊಟ್ಟ, ಆ ಒಬ್ಬನನ್ನು ಕಾಲು ಹಾಕಬಾರದ ಕುಸ್ತಿಗೆ ಒಯ್ದರು.

ಅಲ್ಲಿಂದ ಅಣವೀರ ಏರಿದ್ದೇ ಏರಿದ್ದು. ರಾಜ್ಯದಲ್ಲಿ ಗೆದ್ದ, ದೇಶದಲ್ಲಿ ಗೆದ್ದ, ಜೂನಿಯರ್ ಏಷ್ಯಾದಲ್ಲಿ ಕಂಚು ತಂದ. ರೈಲ್ವೆಯವರು ನೌಕರಿ ಕೊಟ್ಟರು. ಹರಿಯಾಣದ ಕ್ಯಾಂಪಿನಲ್ಲಿ ವರ್ಷಕ್ಕೆ ಹತ್ತು ತಿಂಗಳು. ಊರಿನ ಮಣ್ಣಿನ ಕುಸ್ತಿಗೆ ಬಿಡುವೇ ಸಿಗಲಿಲ್ಲ. ಅರವತ್ತೇಳು ಕಿಲೋ ತೂಕದಲ್ಲಿ ಅವನು ಆಡದ ದೇಶವಿಲ್ಲ ಎಂಬಷ್ಟು ತಿರುಗಿದ. ಊರಿಗೆ ಬಂದಾಗಲೆಲ್ಲ ಚಿತ್ತಾಪುರದಲ್ಲಿ ಒಂದು ಸತ್ಕಾರ, ಸೇಡಂನಲ್ಲಿ ಒಂದು ಸತ್ಕಾರ, ಕೊನೆಗೆ ಕೊರಳಲ್ಲಿ ಬಾಡಿದ ಹಾರದೊಂದಿಗೆ ಶಹಾಬಾದಿಗೆ ಬಂದು ಉಸ್ತಾದನ ಪಾದ ಮುಟ್ಟುತ್ತಿದ್ದ. ಉಸ್ತಾದ ತಲೆಯ ಮೇಲೆ ಕೈ ಇಡುತ್ತಿದ್ದ. ಕೈ ಎತ್ತುವ ಮೊದಲೇ ಶುರು.

"ಕಾಲು ಯಾಕ ಹಾಕಲಿಲ್ಲೋ?"

"ಹಾಕಿದ್ರ ಫೌಲ್ ಆಗ್ತದರಿ ಉಸ್ತಾದ್. ಎಷ್ಟು ಸರ್ತಿ ಹೇಳ್ಬೇಕ್ರಿ ನಿಮಗ?"

"ಮೊಬೈಲಿನಾಗ ನೋಡೀನಿ, ಆ ಬಿಳೀ ಹುಡುಗನ ಎಡಗಾಲು ಅರ್ಧ ತಾಸು ನಿನ್ನ ಮುಂದ ಖಾಲಿ ನಿಂತಿತ್ತು."

"ಕುಸ್ತಿನೇ ಆರು ನಿಮಿಷದ್ದು ಅದರಿ."

"ಆರು ನಿಮಿಷ ಆದರೂ ನಿಂತಿತ್ತಿಲ್ಲೋ? ಯಾರೂ ನೋಡದಾಗ ಹಾಕ್ಬೇಕು."

"ಮೂರು ಮಂದಿ ರೆಫ್ರಿ, ನಾಲ್ಕು ಕ್ಯಾಮೆರಾ ಅವರಿ."

"ಹಂಗಿದ್ರ ಅದು ಕುಸ್ತಿ ಅಲ್ಲ ಬಿಡು. ಕಚೇರಿ."

ಅಣವೀರ ಅಮೀರ್ಬೀಯ ಕಡೆ ನೋಡುತ್ತಿದ್ದ. ಅಮೀರ್ಬೀ ಚಹಾದ ಬಟ್ಟಲು ಕೊಟ್ಟು, "ಕುಡಿ ಬೇಟಾ, ಅವರದು ಮುಗಿಯೂದಲ್ಲ" ಎನ್ನುತ್ತಿದ್ದಳು. ಚಹಾ ಮುಗಿಯುತ್ತಿತ್ತು, ಅವನ ರೈಲಿನ ವೇಳೆಯಾಗುತ್ತಿತ್ತು. ಹಾಜಿಸಾಬನಿಗೆ ನಿಯಮ ಗೊತ್ತಿರಲಿಲ್ಲವೆಂದಲ್ಲ. ಹದಿನಾರು ವರ್ಷದಲ್ಲಿ ಕಲ್ಲಿಗೂ ಗೊತ್ತಾಗುತ್ತದೆ. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನ ಹಾಗೆ ಅವನು ಒಪ್ಪಲಿಲ್ಲ. ಒಪ್ಪಿದರೆ ತನ್ನ ಅಪ್ಪನ ಪಟ್ಟು ತನ್ನ ಕಣ್ಣೆದುರೇ ಸತ್ತಿದೆ ಎಂದು ಒಪ್ಪಿದ ಹಾಗೆ.

ಈ ಗಾಯಕ್ಕೆ ಉಪ್ಪು ಸವರಲು ಇನ್ನೊಬ್ಬನಿದ್ದ. ಸುರೇಶಕುಮಾರ, ವಾಡಿಯ ಭೀಮಶ್ಯಾನ ಮಗ, ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ. ವಯಸ್ಸು ಇಪ್ಪತ್ತೈದು. ದಿನಾ ಬೆಳಿಗ್ಗೆ ಐದಕ್ಕೆ ಮೋಟಾರ್ ಸೈಕಲ್ ಮೇಲೆ ಬಂದು ಮಣ್ಣು ಹದ ಮಾಡಿ, ಎರಡು ತಾಸು ಆಡಿ, ಪಾಳಿಗೆ ಓಡುವವನು. ಗಟ್ಟಿ ಕಾಲು, ತಣ್ಣನೆಯ ತಲೆ. ಫರಸಿ ಪಟ್ಟಿಗೆ ಹೇಳಿ ಮಾಡಿಸಿದ ಮೈ. ಎರಡು ವರ್ಷದ ಹಿಂದೆ ಒಮ್ಮೆ ಅವನು ಬಾಯಿ ಬಿಟ್ಟು ಕೇಳಿದ್ದ. ಹಾಜಿಸಾಬ ಬೈದು ಕಳಿಸಿದ. ಆಮೇಲೆ ಮನೆಗೆ ಹೋಗಿ ಊಟ ಮಾಡದೆ ಮಲಗಿದ. ಕೊಡಬಾರದವನಿಗೆ ಕೊಟ್ಟಾಗಿತ್ತು, ಕೊಡಬೇಕಾದವನಿಗೆ ಕೊಡುವ ಹಾಗಿರಲಿಲ್ಲ.

ಈ ವರ್ಷ ಫೆಬ್ರುವರಿಯಲ್ಲಿ ಅಣವೀರ ಎರಡು ದಿನ ರಜೆ ಹಾಕಿ ಬಂದ. ಏಪ್ರಿಲ್‌ನಲ್ಲಿ ಏಷ್ಯಾ ಕೂಟವಿತ್ತು. ಅವನಿಗೆ ಮೂವತ್ತಾಗಿತ್ತು, ಸೀನಿಯರ್ ಏಷ್ಯಾದ ಚಿನ್ನ ಇನ್ನೂ ಬಂದಿರಲಿಲ್ಲ. ಆಶೀರ್ವಾದಕ್ಕೆ ಬಗ್ಗಿದವನ ಭುಜವನ್ನು ಹಾಜಿಸಾಬ ಬಿಡಲಿಲ್ಲ.

"ಅಲ್ಲಿ ಹಾಕಬ್ಯಾಡ, ಬಿಡು. ಇಲ್ಲಿ ಹಾಕು. ನನ್ನ ಅಖಾಡದಾಗ, ನನ್ನ ಕಣ್ಣ ಮುಂದ. ನಾ ಎಷ್ಟು ದಿನ ಇರ್ತೀನೋ ಏನೋ."

"ಉಸ್ತಾದ್, ಈಗ ಬ್ಯಾಡ್ರಿ. ಕೂಟ ಮುಗೀಲಿ. ಮೈಗೆ ಹಳೇದು ನೆನಪಾದ್ರ ಕಷ್ಟ ಅದ."

"ನೆನಪಾದ್ರ ಕಷ್ಟ ಅಂತ. ಕೇಳಿದೇನ ಅಮೀರ್, ನಾ ಕೊಟ್ಟಿದ್ದು ನೆನಪಾದ್ರ ಇವನಿಗೆ ಕಷ್ಟ ಅಂತ."

ಮುದುಕನ ಕಣ್ಣಲ್ಲಿ ನೀರು ಬಂತು. ನಿಜವಾದ ನೀರೋ ಆಟದ ನೀರೋ ಅಮೀರ್ಬೀಗೂ ತಿಳಿಯಲಿಲ್ಲ. ಅಣವೀರ ಅಂಗಿ ಕಳಚಿ ಮಣ್ಣಿಗಿಳಿದ. ಸುರೇಶ ಎದೆ ಕೊಟ್ಟ. ಒಂದು ಸಲ ಎಂದದ್ದು ಹತ್ತು ಸಲವಾಯಿತು. ಮೊದಲ ಮೂರು ಸಲ ಎಡಗಾಲು ದಾರಿ ಮರೆತವರ ಹಾಗೆ ತಡವರಿಸಿತು. ನಾಲ್ಕನೆಯದಕ್ಕೆ ಹಿಮ್ಮಡಿ ಸಿಕ್ಕಿತು. ಐದರಿಂದ ಮುಂದೆ ಸುರೇಶ ಹಾಸುಗಲ್ಲಿನ ಹಾಗೆ ಎದ್ದು ಎದ್ದು ಬಿದ್ದ. ಹಾಜಿಸಾಬ ದಂಡೆಯ ಮೇಲೆ ಕುಳಿತು ಮೂಗಿನ ತುದಿಯಿಂದ ನೀರು ಇಳಿದರೂ ಒರೆಸಿಕೊಳ್ಳಲಿಲ್ಲ. ಕೂಟ ಮುಗಿಸಿ ಬಂದು ಹತ್ತು ಮಂದಿ ಎದುರು ಒಂದು ಕುಸ್ತಿ ಆಡುತ್ತೇನೆ ಎಂದು ಅಣವೀರ ಮಾತು ಕೊಟ್ಟು ಹೋದ. ಆ ದಿನ ಹಾಜಿಸಾಬ ಮೂರು ರೊಟ್ಟಿ ಹೆಚ್ಚು ತಿಂದ.

ಏಪ್ರಿಲ್‌ನ ಆ ಸಂಜೆ ತಾಲೀಮಿನಲ್ಲಿ ಇಪ್ಪತ್ತು ಮಂದಿ ಸೇರಿದ್ದರು. ಸುರೇಶ ತನ್ನ ಮೊಬೈಲನ್ನು ಗದೆಗೆ ಆನಿಸಿ ನಿಲ್ಲಿಸಿದ್ದ. ಕೂಟ ಕಿರ್ಗಿಸ್ತಾನದಲ್ಲಿ. ಫೈನಲ್. ಎದುರಿಗೆ ಕಜಾಕಿಸ್ತಾನದವನು, ಕಂಬದಂಥ ಕುತ್ತಿಗೆ. ಅಣವೀರ ಐದು, ಅವನು ನಾಲ್ಕು. ಇನ್ನು ಇಪ್ಪತ್ತೈದು ಸೆಕೆಂಡು. ಸುಮ್ಮನೆ ನಿಂತು ತಳ್ಳಿಸಿಕೊಂಡರೂ ಚಿನ್ನ.

ಆಗ ಕಜಾಕಿನವನು ಕೊನೆಯ ಕಸುವೆಲ್ಲ ಕೂಡಿಸಿ ಎದೆಗೆ ಎದೆ ಹಚ್ಚಿ, ಎರಡೂ ತೋಳಿನಿಂದ ಬಿಗಿದು, ಎತ್ತಿದ. ಅಣವೀರನ ಮೈ ಹಗುರಾಯಿತು. ಎಡಗಾಲು ಒಳಗೆ ಹೋಯಿತು. ಹಿಮ್ಮಡಿ ಹಿಮ್ಮಡಿಯ ಹಿಂದೆ ಸಿಕ್ಕಿತು. ಎದೆ ಮುಂದಕ್ಕೆ ಬಂತು. ಕಜಾಕಿನವನು ಬೆನ್ನ ಮೇಲೆ ಬಿದ್ದ.

"ಹಾಕಿದ," ಎಂದು ಹಾಜಿಸಾಬ ಎದ್ದು ನಿಂತ. "ನೋಡ್ರೋ, ಹಾಕಿದ. ಬೆನ್ನು ಹತ್ತಿತು. ನಮ್ಮಪ್ಪನ ಪೇಚು, ನಮ್ಮಪ್ಪನ ಪಟ್ಟು ನೋಡ್ರೋ."

ಮೊಣಕಾಲು ನೋವಿನ ಮನುಷ್ಯ ಎರಡು ಸಲ ಕುಣಿದ. ಮೂರನೆಯ ಸಲ ಕಾಲೆತ್ತುವಾಗ, ಉಳಿದ ಇಪ್ಪತ್ತು ಮಂದಿಯಲ್ಲಿ ಒಬ್ಬರೂ ಎದ್ದಿಲ್ಲ ಎಂಬುದು ಕಣ್ಣಿಗೆ ಬಿತ್ತು. ಸುರೇಶ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದ. ಮೊಬೈಲಿನಲ್ಲಿ ರೆಫ್ರಿ ತನ್ನ ತೊಡೆ ಬಡಿದು ತೋರಿಸುತ್ತಿದ್ದ.

"ಫೌಲ್ ಕೊಟ್ರರಿ ಉಸ್ತಾದ್," ಎಂದ ಸುರೇಶ. "ಕಜಾಕಿನವನಿಗೆ ಎರಡು ಅಂಕ ಹೋತು. ಐದು–ಆರು."

ಉಳಿದ ಸೆಕೆಂಡುಗಳಲ್ಲಿ ಅಣವೀರ ಹುಚ್ಚನ ಹಾಗೆ ಮೇಲೆ ಬಿದ್ದ. ಆಗಲಿಲ್ಲ. ಗಂಟೆ ಹೊಡೆಯಿತು. ಅವನು ಮ್ಯಾಟಿನ ನಡುವೆ ನಿಂತು ತನ್ನ ಎಡಗಾಲನ್ನು ನೋಡಿಕೊಳ್ಳುತ್ತಿದ್ದ. ಅದು ಬೇರೆ ಯಾರದೋ ಕಾಲೆಂಬಂತೆ ನೋಡುತ್ತಿದ್ದ. ಹಾಜಿಸಾಬ ಎತ್ತಿದ ಕಾಲನ್ನು ಮೆಲ್ಲಗೆ ಕೆಳಗಿಟ್ಟು, ಗೋಡೆ ಹಿಡಿದುಕೊಂಡು ಹದಿನೈದು ಹೆಜ್ಜೆ ನಡೆದು ಮನೆಗೆ ಹೋದ. ಹದಿನಾರು ವರ್ಷ ಕಾಯ್ದ ಪಟ್ಟು ಕಣ್ಣಿಗೆ ಬಿದ್ದ ದಿನ ಅವನಿಗೆ ಒಂದು ತುತ್ತೂ ಇಳಿಯಲಿಲ್ಲ.

ಆಮೇಲಿನ ದಿನಗಳು ಕೆಟ್ಟವು. ಬೆಳ್ಳಿ ಎಂದರೆ ಸಣ್ಣದಲ್ಲ, ಆದರೆ ಚಿತ್ತಾಪುರದವರು ಉತ್ಸಾಹ ತಡೆಯಲಾರದೆ ಮೊದಲೇ ಚಿನ್ನದ ಕುವರ ಎಂದು ಬ್ಯಾನರ್ ಹಾಕಿಸಿಬಿಟ್ಟಿದ್ದರು. ಈಗ ಚಿನ್ನದ ಮೇಲೆ ಬಿಳಿ ಕಾಗದ ಅಂಟಿಸಿ ಬೆಳ್ಳಿ ಎಂದು ಬರೆದರು. ಬಸ್‌ಸ್ಟ್ಯಾಂಡಿನ ಗಾಳಿಗೆ ಕಾಗದ ಎದ್ದು, ಕೆಳಗಿನ ಚಿನ್ನ ದಿನಕ್ಕೆ ನಾಲ್ಕು ಸಲ ಇಣುಕುತ್ತಿತ್ತು. ಚಹಾದ ಹೋಟೆಲಿನಲ್ಲಿ ಯಾರೋ, "ಉಸ್ತಾದ್ರೆ, ನಿಮ್ಮ ಪೇಚು ಫಾರಿನ್ ನೋಡಿ ಬಂತಲ್ರಿ" ಎಂದರು. ಬೇರೆ ಕಾಲದಲ್ಲಾದರೆ ಹಾಜಿಸಾಬ ಬಟ್ಟಲು ಎಸೆಯುತ್ತಿದ್ದ. ಈಗ ಚಹಾ ಅರ್ಧಕ್ಕೇ ಬಿಟ್ಟು ಎದ್ದ. ತಾನೇ ಹಾಕಿಸಿದ್ದು ಎಂಬುದು ಊರಿಗೆ ಗೊತ್ತಿರಲಿಲ್ಲ, ಅವನಿಗೆ ಗೊತ್ತಿತ್ತು. ಫೆಬ್ರುವರಿಯ ಆ ಹತ್ತು ಸಲ ಅವನ ಎದೆಯ ಮೇಲೆ ಕೂತಿದ್ದವು. ಅಣವೀರನಿಗೆ ಫೋನು ಮಾಡುವ ಧೈರ್ಯವಾಗಲಿಲ್ಲ. ಅಣವೀರನೂ ಮಾಡಲಿಲ್ಲ.

ಜೂನ್ ಮೊದಲ ವಾರ ಒಂದು ಬೆಳಿಗ್ಗೆ ಅವನೇ ಬಂದ. ಹೆಗಲಿಗೊಂದು ಚೀಲ, ಕೊರಳಲ್ಲಿ ಹಾರವಿಲ್ಲ. ಪಾದ ಮುಟ್ಟಿದ. ಹಾಜಿಸಾಬ ತಲೆಯ ಮೇಲೆ ಕೈ ಇಟ್ಟ, ಈ ಸಲ ಬಾಯಿ ತೆರೆಯಲಿಲ್ಲ.

"ಕೇಳ್ರಿ ಉಸ್ತಾದ್," ಎಂದ ಅಣವೀರ. "ಕಾಲು ಯಾಕ ಹಾಕಲಿಲ್ಲ ಅಂತ ಕೇಳ್ರಿ."

ಅವನ ದನಿಯಲ್ಲಿ ನಗೆ ಇರಲಿಲ್ಲ. ಅಮೀರ್ಬೀ ಚಹಾ ಇಡಲು ಹೋದವಳು ಬಾಗಿಲಲ್ಲೇ ನಿಂತಳು.

"ಆಗಸ್ಟಿನಾಗ ಏಷ್ಯನ್ ಗೇಮ್ಸಿನ ಟ್ರಯಲ್ ಅದರಿ. ನಂಗ ಮೂವತ್ತಾತು, ಇದೇ ಕಡೀದು. ಕ್ಯಾಂಪಿನಾಗ ಯಾರರೆ ಎತ್ತಲಿಕ್ಕೆ ಬಂದ್ರ ಸಾಕು, ಎಡಗಾಲು ತಾನೇ ಒಳಗ ಹೋಗ್ತದ. ಎರಡು ತಿಂಗಳ ಆತು, ನಿಲ್ಲವಲ್ದು. ಕೋಚ್ ಹೈರಾಣಾಗ್ಯಾನ. ಇದು ಏನಂತ ಅವನಿಗೇ ಗೊತ್ತಿಲ್ಲಂತ, ಗೊತ್ತಿಲ್ಲದ್ದು ಹ್ಯಾಂಗ ತೆಗೀಲಿ, ಹಾಕಿದವರ ಕಡಿಂದನೇ ತೆಗೆಸ್ಕೊಂಡು ಬಾ ಅಂದ. ಅದಕ್ಕ ಬಂದೀನಿ."

"ಏನು ತೆಗೀಬೇಕು?"

"ನೀವು ಕೊಟ್ಟಿದ್ದು ತೆಗೀರಿ ಉಸ್ತಾದ್. ಮೈಯಿಂದ ಪೂರಾ ತೆಗೀರಿ. ಮಾತು ಕೊಟ್ಟ ಕುಸ್ತಿನೂ ಈಗ ಆಡಾಂಗಿಲ್ರಿ, ಇನ್ನೊಮ್ಮಿ ಹಾಕಿದ್ರ ಅದು ಇನ್ನಾ ಗಟ್ಟಿ ಕುಂದರ್ತದ."

ಹಾಜಿಸಾಬನ ಮುಖ ಕೆಂಪಾಯಿತು. ತಪ್ಪು ತನ್ನದೆಂದು ಗೊತ್ತಿದ್ದವನ ಸಿಟ್ಟು ಎಲ್ಲ ಸಿಟ್ಟಿಗಿಂತ ಕೆಟ್ಟದ್ದು.

"ನಾ ಕೊಟ್ಟಿದ್ದು ವಾಪಸ್ ಇಸ್ಕೊಳ್ಳೋ ಮನುಷ್ಯಾ ಅಲ್ಲ. ನಿನ್ನ ಬಿಟ್ರ ಅದು ಯಾರ ಮೈಯಾಗ ಅದ? ನನ್ನ ಮೊಣಕಾಲು ಹೋಗ್ಯಾವ. ನೀ ಗೆದ್ದು ತೋರಿಸೋ ತನಕ ಇನ್ನೊಬ್ಬನಿಗೆ ಕೊಡಾಂಗಿಲ್ಲ. ನಿನ್ನ ಮೈಯಿಂದ ತೆಗದ್ರ ಅದು ಹೋತು. ಅದು ಹೋತಂದ್ರ ನಮ್ಮಪ್ಪ ಹೋದಂಗ."

"ಮತ್ತ ನಾ ಏನ್ ಮಾಡ್ಲಿ? ಮನ್ಯಾಗ ಕುಂದರ್ಲೇನು?"

"ಕುಂದ್ರು."

ಅಣವೀರ ಚೀಲ ಎತ್ತಿಕೊಂಡ. ಬಾಗಿಲಿಗೆ ಅಮೀರ್ಬೀ ಅಡ್ಡ ನಿಂತಿದ್ದಳು. ಅವನನ್ನು ಪಕ್ಕಕ್ಕೆ ಸರಿಸಿ ಗಂಡನ ಎದುರು ಬಂದಳು. ಐವತ್ತು ವರ್ಷದಲ್ಲಿ ಅವಳು ತಾಲೀಮಿನ ಮಾತಿನಲ್ಲಿ ಬಾಯಿ ಹಾಕಿದ್ದು ಕಡಿಮೆ.

"ನಿಮ್ಮಪ್ಪ ಸತ್ತು ನಲವತ್ತು ವರ್ಷ ಆತ್ರಿ. ಈ ಹುಡುಗ ಇನ್ನಾ ಇದ್ದಾನ," ಎಂದಳು. "ಹಾಕು ಹಾಕು ಅಂತ ಹದಿನಾರು ವರ್ಷ ಇವನ ಕಿವ್ಯಾಗ ಊದಿದವರು ಯಾರು? ಅಲ್ಲಿ ಹೋದದ್ದು ಇವನ ಕಾಲಲ್ಲ, ನಿಮ್ಮ ಕಾಲು. ನಿಮ್ಮ ಕಾಲು ನೀವು ತಗೋರಿ. ಇವನ ಕಾಲು ಇವನಿಗೆ ಕೊಡ್ರಿ."

ಹಾಜಿಸಾಬ ಎದ್ದು ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ಬಹಳ ಹೊತ್ತು ನಿಂತ. ಒಳಗೆ ಬರುವಾಗ ಕೈಯಲ್ಲಿ ಒಂದು ಬೇವಿನ ಛಡಿ ಇತ್ತು. ಎಲೆ ತರಿಯುತ್ತ ತರಿಯುತ್ತ ಬಂದ.

"ಮಣ್ಣಾಗ ಹಾಕಿದ್ದು ಮಣ್ಣಾಗೇ ತೆಗೀಬೇಕು," ಎಂದ. "ಅಂಗಿ ತೆಗಿ. ಸುರೇಶ್ಯಾನ್ನ ಕರಿ."

ಕೆಲಸ ಸರಳ. ಸುರೇಶ ಎದೆಗೆ ಎದೆ ಹಚ್ಚಿ ಎತ್ತಲು ಹೋಗಬೇಕು. ಅಣವೀರನ ಎಡಗಾಲು ಒಳಗೆ ಹೋಗಲು ಹವಣಿಸಿದರೆ ಛಡಿ ಮೀನಖಂಡದ ಮೇಲೆ ಬೀಳಬೇಕು. ಮೊದಲ ದಿನ ಹನ್ನೆರಡು ಸಲ ಎತ್ತಲು ಹೋದ, ಹನ್ನೆರಡೂ ಸಲ ಕಾಲು ಹೋಯಿತು. ಹನ್ನೆರಡೂ ಸಲ ಛಡಿ ಬಿತ್ತು, ಹನ್ನೆರಡೂ ಸಲ ಸುರೇಶ ಬೆನ್ನ ಮೇಲೆ ಬಿದ್ದ. ಛಡಿಗಿಂತ ಕಾಲೇ ಜಲ್ದಿಯಾಗಿತ್ತು. ಸುರೇಶ ಕಿವಿಯಲ್ಲಿ ಮಣ್ಣು ತುಂಬಿಕೊಂಡು ಫ್ಯಾಕ್ಟರಿಗೆ ತಡವಾಗಿ ಹೋದ. ಹಾಜಿಸಾಬನಿಗೆ ಒಳಗೊಳಗೇ ಹೆಮ್ಮೆಯಾಯಿತು, ಹೆಮ್ಮೆಯಾದದ್ದಕ್ಕೆ ತನ್ನ ಮೇಲೆ ಸಿಟ್ಟು ಬಂತು, ಮರುದಿನ ಇನ್ನೂ ದಪ್ಪ ಛಡಿ ಕಡಿದು ತಂದ.

"ಕಾಲು ಯಾಕ ಹಾಕಿದಿ?"

ನಾಲ್ಕನೆಯ ದಿನ ಈ ಮಾತು ಬಾಯಿಂದ ಬಿದ್ದಾಗ ಅಣವೀರ ಮಣ್ಣಿನಲ್ಲಿ ಕುಳಿತು ನಕ್ಕುಬಿಟ್ಟ. "ಹದಿನಾರು ವರ್ಷಕ್ಕ ಮಾತು ತಿರುಗಿತು ನೋಡ್ರಿ ಉಸ್ತಾದ್," ಎಂದ. ಹಾಜಿಸಾಬ ನಗಲಿಲ್ಲ. ಅವನಿಗೆ ಒಂದು ವಿಚಿತ್ರ ಬಾಧೆ ಶುರುವಾಗಿತ್ತು. ಛಡಿ ಅಣವೀರನ ಕಾಲಿಗೆ ಬಿದ್ದಾಗಲೆಲ್ಲ ತನ್ನ ಎಡಗಾಲು ಜುಮ್ಮೆನ್ನುತ್ತಿತ್ತು. ಮನೆಗೆ ಹೋದರೆ ಅಮೀರ್ಬೀ ಅಣವೀರನ ಮೀನಖಂಡಕ್ಕೆ ಅರಿಶಿನ ಎಣ್ಣೆ ಕಾಸಿ ಹಚ್ಚುತ್ತಿದ್ದಳು. ಉಳಿದ ಎಣ್ಣೆಯನ್ನು ಮಾತಿಲ್ಲದೆ ಗಂಡನ ಕಾಲಿಗೆ ಸವರುತ್ತಿದ್ದಳು.

ಹತ್ತು ದಿನಕ್ಕೆ ಕಾಲು ಹೋಗುವುದು ಅರ್ಧಕ್ಕಿಳಿಯಿತು. ಹದಿನೈದಕ್ಕೆ ಎರಡೋ ಮೂರೋ ಸಲ. ಹೋದರೂ ಹಿಮ್ಮಡಿ ಪೂರಾ ಸಿಗುತ್ತಿರಲಿಲ್ಲ, ಆ ಕೆತ್ತಿದಂಥ ಅಂದ ಹೋಗಿತ್ತು. ಹಾಸುಗಲ್ಲಿನ ಸಂದಿಯಲ್ಲಿ ಹಾರೆ ಇಡಲು ಬಾರದವನ ಕೈ ಇದ್ದ ಹಾಗೆ ಇತ್ತು. ಅದನ್ನು ನೋಡಲು ಹಾಜಿಸಾಬನಿಗೆ ಆಗುತ್ತಿರಲಿಲ್ಲ. ಹಾಗಲ್ಲ, ಹೀಗೆ ಹಾಕು ಎಂಬ ಮಾತು ಗಂಟಲ ತನಕ ಬರುತ್ತಿತ್ತು. ನುಂಗಿಕೊಂಡು ಛಡಿ ಬೀಸುತ್ತಿದ್ದ.

ಹತ್ತೊಂಬತ್ತನೆಯ ದಿನ ಸುರೇಶ ಇಪ್ಪತ್ತು ಸಲ ಎತ್ತಲು ಹೋದ. ಹತ್ತೊಂಬತ್ತು ಸಲ ಅಣವೀರ ಸೊಂಟವನ್ನು ಹಿಂದಕ್ಕೆಳೆದು, ಭುಜದಿಂದ ಒತ್ತಿ, ಕ್ಯಾಂಪಿನಲ್ಲಿ ಕಲಿತ ಹಾಗೆ ತಪ್ಪಿಸಿಕೊಂಡ. ಒಂದು ಸಲ ತಪ್ಪಿಸಿಕೊಳ್ಳಲಾಗದೆ ಬಿದ್ದ, ಬೀಳುವಾಗಲೂ ಎಡಗಾಲು ಎಡಗಾಲಿನ ಜಾಗದಲ್ಲೇ ಇತ್ತು. ಹಾಜಿಸಾಬ ಛಡಿಯನ್ನು ಒಮ್ಮೆಯೂ ಎತ್ತಲಿಲ್ಲ.

"ಬರೋಬರ್," ಎಂದ. ಶಾಭಾಸ್ ಎನ್ನಬೇಕೆಂದಿದ್ದ, ಅದು ಬಾಯಿಗೆ ಬರಲಿಲ್ಲ. ದಂಡೆಯ ಮೇಲೆ ಕುಳಿತು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. ಅಪ್ಪ ಖಣಿಯಿಂದ ಬಂದು ಇದೇ ಮಣ್ಣಿನಲ್ಲಿ ತನ್ನ ಎಳೆಯ ಕಾಲನ್ನು ಕೈಯಲ್ಲಿ ಹಿಡಿದು ಒಳಗೆ ಇಡಿಸಿದ್ದು ನೆನಪಾಯಿತು. ತೆಗೆದುಬಿಟ್ಟೆ ಅಪ್ಪಾ, ಎಂದುಕೊಂಡ. ದುಃಖವಾಯಿತು, ಹುಡುಗ ಉಳಿದ ಎಂಬ ನೆಮ್ಮದಿಯೂ ಆಯಿತು, ಎರಡೂ ಒಂದೇ ವಸ್ತ್ರದಿಂದ ಒರೆಸಿಕೊಳ್ಳುವಂಥವೇ.

ಅಣವೀರ ಖುಷಿಯಲ್ಲಿದ್ದ. "ಸುರೇಶ, ಇಷ್ಟು ದಿನ ನೀ ಎತ್ತಿದಿ. ಈಗ ನಾ ಒಮ್ಮಿ ಎತ್ತತೀನಿ, ನಿಲ್ಲು," ಎಂದ. ಅದು ಅವನ ಹೆಸರಾದ ಪಟ್ಟು. ಎದೆಗೆ ಎದೆ ಹಚ್ಚಿ, ಬೆನ್ನ ಹಿಂದೆ ಎರಡೂ ಕೈ ಕಟ್ಟಿ, ಬೇರು ಸಹಿತ ಕೀಳುವ ಹಾಗೆ ಎತ್ತುವುದು. ಏಳು ದೇಶದ ಮಂದಿಯನ್ನು ಅದರಿಂದ ಎಸೆದಿದ್ದಾನೆ. ಕೈ ಕಟ್ಟಿದ, ಎತ್ತಿದ.

ಸುರೇಶನ ಮೈ ಹಗುರಾಯಿತು.

ಮುಂದಿನದನ್ನು ಹಾಜಿಸಾಬ ಕಣ್ಣಿಗಿಂತ ಮೊದಲು ತನ್ನ ಎಡಗಾಲಿನಲ್ಲಿ ನೋಡಿದ. ಥಡ್ ಎಂದು ಸಪ್ಪಳವಾಯಿತು. 'ಏಷ್ಯಾದ ಬೆಳ್ಳಿ' ಕೆಂಪು ಮಣ್ಣಿನಲ್ಲಿ ಎರಡೂ ಭುಜ ಹಚ್ಚಿ ಅಂಗಾತ ಬಿದ್ದಿತ್ತು. ಮೇಲೆ ಸುರೇಶ, ಅವನಿಗಿಂತ ಹೆಚ್ಚು ಗಾಬರಿಯಾಗಿ.

"ಫೌಲ್ ಅದ," ಎಂದ ಅಣವೀರ ಮಲಗಿದಲ್ಲಿಂದಲೇ.

ಹಾಜಿಸಾಬ ಎದ್ದು ನಿಂತಿದ್ದ. ಹತ್ತೊಂಬತ್ತು ದಿನದ ರೂಢಿಗೆ ಛಡಿ ತಾನಾಗಿಯೇ ಮೇಲೆ ಹೋಗಿತ್ತು.

"ಯಾರು ಹೇಳಿಕೊಟ್ರೋ ನಿಂಗ?"

ಸುರೇಶ ಮೊಣಕಾಲೂರಿ ಎದ್ದು ಕೈ ಮುಗಿದ. "ಯಾರೂ ಇಲ್ರಿ ಉಸ್ತಾದ್. ತಪ್ಪಾತ್ರಿ. ದಿನಾ ಬಿದ್ದು ಬಿದ್ದು ಮೈಯಾಗ ಕುಂತದ. ನಾ ಹಾಕಿಲ್ರಿ, ಅದೇ ಹೋತು."

ಛಡಿ ಮೇಲೆಯೇ ನಿಂತಿತ್ತು. ಕಾಯ್ದೆ ಕಟ್ಟಿದ ಅಪ್ಪ ಎಲ್ಲ ಹೇಳಿದ್ದ. ಯಾರಿಗೆ ಕೊಡಬೇಕು, ಯಾವಾಗ ಕೊಡಬಾರದು, ಎಷ್ಟು ಮಂದಿ ಎದುರು ಗೆಲ್ಲಬೇಕು. ಕೊಡದೆಯೇ ಬಿದ್ದು ಬಿದ್ದು ತೆಗೆದುಕೊಂಡವನಿಗೆ ಏನು ಮಾಡಬೇಕೆಂದು ಹೇಳಿರಲಿಲ್ಲ. ಬಾಗಿಲಲ್ಲಿ ಅಮೀರ್ಬೀ ಎಣ್ಣೆಯ ಬಟ್ಟಲು ಹಿಡಿದು ನಿಂತು, ಈ ಮುದುಕ ಈಗ ಏನು ಮಾಡುತ್ತಾನೋ ಎಂದು ನೋಡುತ್ತಿದ್ದಳು. ಮಣ್ಣಿನಿಂದ ಅಣವೀರನೂ ನೋಡುತ್ತಿದ್ದ.

ಹಾಜಿಸಾಬ ದಂಡೆ ಇಳಿದು ಮಣ್ಣಿಗೆ ಬಂದ. ಛಡಿಯನ್ನು ಕೆಳಗಿಳಿಸಿ, ಅದರ ತುದಿಯಿಂದ ಸುರೇಶನ ಎಡ ಹಿಮ್ಮಡಿಯನ್ನು ಮುಟ್ಟಿದ.

"ಇದು ಇನ್ನಾ ಒಳಗ ಹೋಗ್ಬೇಕು," ಎಂದ. ಅವನ ದನಿ ಯಾವತ್ತಿನ ಹಾಗೇ ಸಿಡುಕಾಗಿತ್ತು. "ಇಷ್ಟಕ್ಕ ಕಲ್ಲು ಏಳಾಂಗಿಲ್ಲ. ಏಳೋ ಅಣವೀರ್ಯಾ, ಎಷ್ಟೊತ್ತು ಮಲಗ್ತಿ, ಇವನಿಗೆ ಇನ್ನೊಮ್ಮಿ ಎದಿ ಕೊಡು."